ಪುಟ ನಲವತ್ತೊಂದರ ಗೋಲು

ಪುಟ ನಲವತ್ತೊಂದರಲ್ಲಿ ತಪ್ಪೇನೂ ಇರಲಿಲ್ಲ. ಫುಟ್‌ಬಾಲ್ ಕ್ಲಬ್ಬಿನ ನೂರನೆಯ ವರ್ಷದ ಪುಸ್ತಕದ ಆ ಕರಡು ಪುಟವನ್ನು ಅದೆಲ್ಮೊ ಬರ್ತಾಝೋನಿ ಬೆಳಗಿನಿಂದ ಐದು ಸಲ ಓದಿದ್ದ. ತಾರೀಕು ಸರಿ, ಸಾವಿರದ ಒಂಬೈನೂರ ಅರವತ್ತೊಂಬತ್ತನೆಯ ಇಸವಿ ಮೇ ಇಪ್ಪತ್ತೈದು, ಭಾನುವಾರ. ಎದುರಾಳಿ ಸರಿ, ಪೊಂತೆಮೊರೊ. ಯಾರ ಕಡೆಗೂ ಸೇರದಿರಲಿ ಎಂದು ಗೊತ್ತುಮಾಡಿದ್ದ, ಪೊ ನದಿಯಾಚೆಯ ಮೂರನೆಯ ಊರಿನ ಮೈದಾನ, ಅದೂ ಸರಿ. ಎಪ್ಪತ್ತೆಂಟನೆಯ ನಿಮಿಷ, ಒಂದು ಗೋಲು, ಎದುರಿಗೆ ಸೊನ್ನೆ. ಕಸಾಲ್‌ಬ್ರುನೊ ಕ್ಲಬ್ಬಿನ ನೂರು ವರ್ಷಗಳಲ್ಲಿ ಮೇಲಿನ ದರ್ಜೆಗೆ ಏರಿದ್ದು ಅದೊಂದೇ ಸಲ. ಗೋಲು ಹೊಡೆದವನು ಅದೆಲ್ಮೊ ಬರ್ತಾಝೋನಿ. ಇದೂ ಸರಿಯೇ, ಯಾಕೆಂದರೆ ರೆಫರಿ ಸಹಿ ಹಾಕಿದ ವರದಿಯಲ್ಲಿ ಹಾಗೇ ಇತ್ತು, ಮರುದಿನದ ಪೇಪರಿನಲ್ಲಿ ಹಾಗೇ ಬಂದಿತ್ತು, ಇಪ್ಪತ್ತೈದು ವರ್ಷದ ಹಿಂದೆ ಹೊರಬಂದ ಎಪ್ಪತ್ತೈದನೆಯ ವರ್ಷದ ಪುಸ್ತಕದಲ್ಲೂ ಹಾಗೇ ಅಚ್ಚಾಗಿತ್ತು. ಹೊಡೆದದ್ದು ತಾನಲ್ಲ ಎನ್ನುವುದೊಂದನ್ನು ಬಿಟ್ಟರೆ ಇಡೀ ಪುಟ ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ಆ ಒಂದನ್ನಾದರೂ ಇವತ್ತು ಖಡಾಖಂಡಿತವಾಗಿ ಹೇಳಲು ತನ್ನಿಂದಾಗುತ್ತದೆಯೇ ಎಂಬ ಅನುಮಾನ ಅವನಿಗೆ ಬಾರಿನ ಮೂಲೆಯ ಮೇಜಿನಲ್ಲಿ, ಎರಡನೆಯ ಕಾಫಿ ತಣ್ಣಗಾಗುತ್ತಿದ್ದಾಗ ಹುಟ್ಟಿತು.

"ಏನ್ ಬೊಂಬೆರ್, ಇನ್ನೂ ಸಹಿ ಹಾಕಿಲ್ವಾ?" ಎಂದು ಲೋರಿಸ್ ಬಂದು ಬೆನ್ನು ತಟ್ಟಿದ. ಲೋರಿಸ್ ಕ್ಲಬ್ಬಿನ ಅಧ್ಯಕ್ಷ. ಟ್ರಾಕ್ಟರ್ ಬಿಡಿಭಾಗಗಳ ಅಂಗಡಿಯವನು, ವಯಸ್ಸು ನಲವತ್ತಾರು, ಅಂದರೆ ಆ ಗೋಲು ಬಿದ್ದಾಗ ಅವನ ಅಪ್ಪನಿಗೇ ಇನ್ನೂ ಮದುವೆಯಾಗಿರಲಿಲ್ಲ. ಗೋಲಿನ ಮೇಲೆ ಗೋಲು ಹೊಡೆಯುವವನನ್ನು ಆ ಕಡೆ ಬೊಂಬೆರ್ ಎನ್ನುತ್ತಾರೆ. ಆಯುಷ್ಯದಲ್ಲಿ ಒಂದೇ ಗೋಲಿನ ಒಡೆಯನಾದ ಅದೆಲ್ಮೊನನ್ನು ಇಡೀ ಊರು ಐವತ್ತೈದು ವರ್ಷದಿಂದ ಹಾಗೇ ಕರೆಯುತ್ತಿತ್ತು. "ಹನ್ನೆರಡೂವರೆಗೆ ಪ್ರೆಸ್ಸಿನವನು ಬಾಗಿಲು ಹಾಕ್ತಾನೆ. ಎಲ್ಲಾ ಸರಿಯಾಗಿದೆ ಅಂತ ಮೇಲೆ ಬರೀರಿ, ಕೆಳಗೆ ಸಹಿ ಹಾಕಿ. ಬದುಕಿರೋರು ಎಲ್ಲರೂ ಹಾಕ್ಲೇಬೇಕು ಅಂತ ಕಮಿಟೀಲಿ ತೀರ್ಮಾನ ಆಗಿದೆ. ಹೋದ ಸಲದ ಫಜೀತಿ ನೆನಪಿದೆಯಲ್ಲ?" ನೆನಪಿಲ್ಲದೆ ಏನು. ಹೋದ ಸಲದ ಪುಸ್ತಕದಲ್ಲಿ ಗೋಲು ಕಾಯುತ್ತಿದ್ದ ಹಳೆಯ ಗೋಲಿಯೊಬ್ಬನ ಹೆಸರಿನ ಪಕ್ಕ ತೀರಿಕೊಂಡವರ ಶಿಲುಬೆ ಗುರುತು ಬಿದ್ದುಬಿಟ್ಟಿತ್ತು. ಆತ ಪುಸ್ತಕ ಹಿಡಿದುಕೊಂಡು ಇದೇ ಬಾರಿಗೆ ಬಂದು, ಎಲ್ಲರ ಗ್ಲಾಸಿನಿಂದಲೂ ಒಂದೊಂದು ಗುಟುಕು ಕುಡಿದು, ಸತ್ತವನು ಹೀಗೆ ಕುಡಿಯುತ್ತಾನೇನ್ರೋ ಎಂದು ಕೂಗಾಡಿದ್ದ. ಎರಡು ತಿಂಗಳಲ್ಲಿ ನಿಜವಾಗಿ ಸತ್ತ. "ನಿಮ್ಮದು ಅಂತಾದ್ದೇನಿಲ್ಲ ಬಿಡಿ," ಎಂದ ಲೋರಿಸ್. "ಭಾನುವಾರ ಹೊಸ ಗ್ಯಾಲರಿಗೆ ನಿಮ್ಮ ಹೆಸರಿನ ಬೋರ್ಡು ಹಾಕ್ತೀವಿ. ಪಾದ್ರಿಗಳು ತೀರ್ಥ ಹಾಕ್ತಾರೆ. ನೀವು ಆ ಗೋಲಿನ ಕತೆ ಒಂದ್ಸಲ ಹೇಳ್ಬೇಕು. ಎಡಗಾಲಲ್ಲಿ ಹೊಡೆದ್ರಲ್ಲ, ಅದನ್ನ ಮಾಡಿ ತೋರಿಸ್ಬೇಕು. ಮಂಡಿ ಸರಿಯಿದೆ ತಾನೆ?"

ಮಂಡಿ ಸರಿಯಿತ್ತು. ಎಡಗಾಲಿನ ಪಾದದ ಒಳಬದಿಯಲ್ಲಿ ಈಗಲೂ ಆ ಚೆಂಡು ತಾಗಿದ ಜಾಗ ಅವನಿಗೆ ಗೊತ್ತಿತ್ತು. ಒದ್ದೆ ಚರ್ಮದ ಭಾರವಾದ ಚೆಂಡು, ತಾಗಿದಾಗ ಬಂದ ಮೊಂಡ ಸದ್ದು, ಗೋಲಿಯ ಮುಷ್ಟಿಯಿಂದ ಚಿಮ್ಮಿ ಬಂದದ್ದನ್ನು ನೆಲಕ್ಕೆ ಬೀಳಗೊಡದೆ ತಿರುಗಿಸಿದ್ದು, ಬಲೆ ಉಬ್ಬಿದ್ದು, ಎಲ್ಲವೂ ಇತ್ತು. ಇದೇ ಅವನ ಪೀಡೆ. ಸುಳ್ಳು ಹೇಳುವವನಿಗೆ ತಾನು ಸುಳ್ಳು ಹೇಳುತ್ತಿದ್ದೇನೆಂಬ ಒಂದು ಸಣ್ಣ ನೆಮ್ಮದಿಯಾದರೂ ಇರುತ್ತದೆ. ಅದೆಲ್ಮೊನಿಗೆ ಅದೂ ಉಳಿದಿರಲಿಲ್ಲ. "ಅರ್ಧ ಗಂಟೆ ಕೊಡು," ಎಂದು ಅವನು ಕಾಗದವನ್ನು ಮಡಿಸಿ ಕೋಟಿನ ಒಳಜೇಬಿಗಿಟ್ಟು ಎದ್ದ. "ಎಲ್ಲಿಗೆ ಹೊರಟ್ರಿ?" "ಯೋಲೆಯ ಮನೆಗೆ." ಹಳೆಯ ಆಟಗಾರ ನೆರೆಯೊನ ವಿಧವೆಯ ಹೆಸರು ಕೇಳಿ ಲೋರಿಸನ ಮುಖ ಸ್ವಲ್ಪ ಸಪ್ಪಗಾಯಿತು. "ಹೌದಲ್ಲ, ಪಾಪ. ನೆರೆಯೊ ಇದ್ದಿದ್ರೆ ಅವರೂ ಬರ್ತಿದ್ರು. ಆ ಫೈನಲ್ ಒಂದು ಆಡೋಕಾಗ್ಲಿಲ್ವಂತೆ ಅವರಿಗೆ. ಸಸ್ಪೆಂಡ್ ಆಗಿದ್ರಂತಲ್ಲ?" ಅದೆಲ್ಮೊ ಅವನ ಮುಖವನ್ನೇ ದಿಟ್ಟಿಸಿದ. ಅಲ್ಲಿ ಏನೂ ಇರಲಿಲ್ಲ, ತುಟಿಯಂಚಿನಲ್ಲಿ ಒಂದು ಕೊಂಕು ಕೂಡ. ಹುಡುಗ ನಿಜವಾಗಿ ನಂಬಿದ್ದ.

ನೆರೆಯೊ ಸ್ಕಲ್ತ್ರೀತಿ ಸಸ್ಪೆಂಡ್ ಆಗಿದ್ದು ನಿಜ. ಲೈನ್ಸ್‌ಮನ್ನಿನ ಕೈಯಿಂದ ಬಾವುಟ ಕಿತ್ತುಕೊಂಡು ಅದರ ಕೋಲನ್ನು ತೊಡೆಯ ಮೇಲಿಟ್ಟು ಮುರಿದಿದ್ದ. ಎರಡು ಪಂದ್ಯ ಆಡುವಂತಿಲ್ಲ ಎಂದು ಆಜ್ಞೆಯಾಯಿತು. ಆ ಎರಡರಲ್ಲಿ ಒಂದು ಫೈನಲ್. ಕೋಚು ಶನಿವಾರ ಸಂಜೆ ಅದೆಲ್ಮೊ ಗಾಡಿ ತೂಗುವ ಕೆಲಸಕ್ಕಿದ್ದ ಸಕ್ಕರೆ ಕಾರ್ಖಾನೆಯ ಗೇಟಿಗೇ ಬಂದು, ತೂಕದ ಕಾಟೆಯ ಮುಂದೆ ಗಾಡಿಗಳ ಸಾಲಿಲ್ಲದ ಹೊತ್ತು ನೋಡಿ, ನಾಳೆ ನಿನ್ನ ಆಟಗಾರನ ಕಾರ್ಡು ತಗೊಂಡು ಬಾ ಎಂದಿದ್ದ. ಎರಡು ವರ್ಷದಲ್ಲಿ ಮೂರು ಪಂದ್ಯ ಆಡಿದ್ದ ಅದೆಲ್ಮೊ ಆ ರಾತ್ರಿ ಬೂಟಿಗೆ ಕೊಬ್ಬು ತಿಕ್ಕಿದ. ಅಮ್ಮ ಚಡ್ಡಿಗೆ ಇಸ್ತ್ರಿ ಹಾಕಿದಳು. ಬಸ್ಸಿನಿಂದಿಳಿದ ಮೇಲೆಯೇ ಗೊತ್ತಾದದ್ದು, ಕೋಚಿಗೆ ಬೇಕಾಗಿದ್ದು ಕಾರ್ಡು ಮಾತ್ರ ಎಂದು. ಇಬ್ಬರಿಗೂ ಒಂದೇ ಥರದ ಮೀಸೆ, ಒಂದೇ ಥರ ಹಿಂದಕ್ಕೆ ಬಾಚಿದ ಕೂದಲು, ಕಾರ್ಡಿನ ಫೋಟೋ ಬೇರೆ ಮಸುಕು. "ನಿನ್ನ ಕಾರ್ಡಲ್ಲಿ ನೆರೆಯೊ ಆಡ್ತಾನೆ. ಯಾರ ಕಣ್ಣಿಗೂ ಬೀಳ್ಬೇಡ. ನೀನೇ ಆಡ್ದ ಹಾಗೆ ಅಂದ್ಕೋ," ಎಂದ ಕೋಚು. ಸಮಾಧಾನವನ್ನೇ ಹೇಳಿದ್ದಾನೆ ಅನ್ನುವ ಹಾಗಿತ್ತು ಆ ದನಿ. ಬೂಟುಗಳು ಚೀಲದಲ್ಲೇ ಉಳಿದವು. ಬಟ್ಟೆ ಬದಲಿಸುವ ಕೋಣೆಗೆ ಅಂಟಿಕೊಂಡೇ ಗೆರೆ ಎಳೆಯುವ ಸುಣ್ಣದ ಚೀಲಗಳ ಒಂದು ಕತ್ತಲೆ ಕೋಣೆ. ಅವನನ್ನು ಅಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿದರು.

ಪಂದ್ಯಕ್ಕೆ ಮುಂಚೆ ರೆಫರಿ ಕೋಣೆಗೆ ಬಂದು ಹಾಜರಿ ಕೂಗುತ್ತಾನೆ. ಅವನು ಮನೆತನದ ಹೆಸರು ಕೂಗಬೇಕು, ಆಟಗಾರ ತನ್ನ ಹೆಸರು ಹೇಳಬೇಕು, ಅವನು ಫೋಟೋ ನೋಡಿ ಮುಖ ನೋಡಬೇಕು. ಹಲಗೆಯ ಗೋಡೆಯಾಚೆ ಒಂದೊಂದೇ ಹೆಸರು ಬರುತ್ತಿತ್ತು. "ಬರ್ತಾಝೋನಿ!" ಎಂದಿತು ರೆಫರಿಯ ಕಂಠ. ಅದೆಲ್ಮೊನ ಬಾಯಿ ತಾನಾಗಿ ತೆರೆಯಿತು. ಅಷ್ಟರಲ್ಲಿ ಆಚೆಯಿಂದ ನೆರೆಯೊ, ಗಟ್ಟಿಯಾಗಿ, ಹುಟ್ಟಿದಾಗಿನಿಂದ ಅದೇ ತನ್ನ ಹೆಸರು ಎಂಬಷ್ಟು ಆರಾಮವಾಗಿ, "ಅದೆಲ್ಮೊ" ಎಂದ. ರೆಫರಿ ಮುಂದಿನ ಹೆಸರಿಗೆ ಹೋದ. ಈಗ ನದಿಯ ಏರಿಯ ಮೇಲೆ ನಡೆಯುತ್ತ, ಎಪ್ಪತ್ತೇಳರ ಕಾಲುಗಳನ್ನು ಎಚ್ಚರದಿಂದ ಇಡುತ್ತ, ಅದೆಲ್ಮೊ ಆ ಕ್ಷಣವನ್ನು ಮತ್ತೆ ಕೇಳಿಸಿಕೊಂಡ. ತನ್ನ ಹೆಸರನ್ನು ಇನ್ನೊಬ್ಬನ ದನಿ ಎತ್ತಿಕೊಂಡು ಹೋದಮೇಲೆ ಉಳಿದವನು ಯಾರು? ಬಾಯಿ ತೆರೆದುಕೊಂಡು ಸುಣ್ಣದ ಚೀಲದ ಮೇಲೆ ಕೂತಿದ್ದ ಆ ಇಪ್ಪತ್ತೆರಡರ ಹುಡುಗನಿಗೆ ಆಮೇಲೆ ಯಾರೂ ಹೆಸರಿಟ್ಟಿರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಕೋಚು ಎಲ್ಲರಿಂದ ಆಣೆ ಮಾಡಿಸಿದ. ಆಟಗಾರರು, ಜೊತೆಗೆ ಬಂದ ನಲವತ್ತು ಜನ ಬೆಂಬಲಿಗರು, ಡ್ರೈವರು ಕೂಡ. ಗೊತ್ತಾದರೆ ಗೆಲುವು ರದ್ದಾಗುತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ, ಆದರೆ ಕಸಾಲ್‌ಬ್ರುನೊದವರು ಸುಮ್ಮನಿರುವ ಪೈಕಿಯೂ ಅಲ್ಲ. ಬೊಂಬೆರ್ ಬಂದ, ಬೊಂಬೆರ್‌ಗೆ ಒಂದು ಗ್ಲಾಸು ಹಾಕಿ, ಹೇಗೆ ಹೊಡೆದೆ ಹೇಳು ಬೊಂಬೆರ್, ಎಂದು ಬಾರಿನಲ್ಲಿ ಕೂಗುತ್ತಿದ್ದರು. ಕೂಗಿ ಕಣ್ಣು ಹೊಡೆಯುತ್ತಿದ್ದರು. ನೆರೆಯೊ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದ. ತಮಾಷೆಗೆ ತಮಾಷೆಯಿಂದಲೇ ಉತ್ತರ ಕೊಡಬೇಕೆಂದು ಅದೆಲ್ಮೊ ಎದ್ದು ನಿಂತು, ಕುರ್ಚಿ ಸರಿಸಿ, ಕಾಲೆತ್ತಿ ತೋರಿಸುತ್ತಿದ್ದ. ತೋರಿಸುತ್ತ ತೋರಿಸುತ್ತ ಕಾಲು ಕಲಿತುಕೊಂಡಿತು. ಆಮೇಲೆ ಕಣ್ಣು ಹೊಡೆಯುವವರು ಒಬ್ಬೊಬ್ಬರೇ ಸತ್ತರು. ಕೋಚು ಸತ್ತ, ಡ್ರೈವರು ಸತ್ತ, ಸುಣ್ಣದ ಕೋಣೆಯ ಚಿಲಕ ಹಾಕಿದವನು ಸತ್ತ. ಗ್ಲಾಸು ಹಾಕಿಸುವ ಹೊಸಬರು ಬಂದರು, ಅವರು ನೆಟ್ಟ ನೋಟದಿಂದ ಕೇಳಿಸಿಕೊಳ್ಳುತ್ತಿದ್ದರು, ಕೊನೆಯಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಯಾವ ಸಂಜೆ, ಯಾವ ವರ್ಷ ತಮಾಷೆ ನಿಂತು ಚರಿತ್ರೆ ಶುರುವಾಯಿತು ಎಂದು ಅವನು ಗುರುತು ಹಾಕಿಟ್ಟುಕೊಂಡಿರಲಿಲ್ಲ. ಆ ಬಸ್ಸಿನಲ್ಲಿದ್ದವರ ಪೈಕಿ ತನ್ನನ್ನು ಬಿಟ್ಟರೆ ಕೊನೆಯವನಾಗಿ ಉಳಿದಿದ್ದ ನೆರೆಯೊ ಹೋದ ಫೆಬ್ರವರಿಯಲ್ಲಿ ಆಸ್ಪತ್ರೆಯಲ್ಲಿ ಸತ್ತ. ಶವಯಾತ್ರೆಯಲ್ಲಿ ಪೆಟ್ಟಿಗೆಗೆ ಹೆಗಲು ಕೊಟ್ಟಾಗ ಅದೆಲ್ಮೊನಿಗೆ ದುಃಖವಾಗಿತ್ತು, ನಿಜವಾಗಿಯೂ ಆಗಿತ್ತು, ಆದರೆ ಅದರಡಿಯಲ್ಲಿ ಇನ್ನೇನೋ ಒಂದು ಹಗುರವಾದದ್ದು ಕದಲಿತ್ತು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು.

ಯೋಲೆ ಅಡುಗೆಮನೆಯ ಮೇಜಿನ ಮೇಲೆ ಪೇಪರ್ ಹಾಸಿ ಹಸಿ ಬಟಾಣಿ ಸುಲಿಯುತ್ತಿದ್ದಳು. ಕಪ್ಪು ಸ್ವೆಟರು, ಮೂಗಿನ ತುದಿಗೆ ಜಾರಿದ ಕನ್ನಡಕ. ಅವಳು ಪೊಂತೆಮೊರೊದ ಹೆಣ್ಣು. ಸಾಲದ್ದಕ್ಕೆ ಆ ಫೈನಲ್ಲಿನಲ್ಲಿ ಪೊಂತೆಮೊರೊದ ಗೋಲಿಯಾಗಿದ್ದವನು ಅವಳ ಅಣ್ಣ ಎಲ್ವ್ಯೊ. ಪಂದ್ಯವಾಗಿ ಮೂರು ವರ್ಷಕ್ಕೆ ನೆರೆಯೊ ಅವಳನ್ನು ಮದುವೆಯಾಗಿ ತಂದಾಗ ಬಾರಿನಲ್ಲಿ ಎಷ್ಟು ನಕ್ಕಿದ್ದರು; ಆದರೆ ಅವಳೆದುರು ಆ ಪಂದ್ಯದ ಮಾತು ಬಂದರೆ ಎಲ್ಲರೂ ಹವಾಮಾನದ ಸುದ್ದಿ ಎತ್ತುತ್ತಿದ್ದರು. ಇವಳಿಗೆ ಗಂಡ ಎಲ್ಲ ಹೇಳಿಯೇ ಇರುತ್ತಾನೆ ಎಂದು ಅದೆಲ್ಮೊ ಯಾವತ್ತೋ ತೀರ್ಮಾನಿಸಿಕೊಂಡಿದ್ದ. ಲೋಕದಲ್ಲಿ ಈ ಸಂಗತಿ ತಿಳಿದವರು ಇನ್ನು ಇಬ್ಬರೇ, ತಾನು ಮತ್ತು ಅವಳು. ಅವಳು ಒಂದು ಮಾತು ಹೇಳಿದರೆ ಸಾಕು, ಸರಿ ಅಂದರೆ ಸರಿ, ಪುಟದಲ್ಲಿನ ಹೆಸರು ಹೊಡೆದು ಹಾಕಿ ಅಂದರೆ ಹೊಡೆದು ಹಾಕುವುದು. ಇಷ್ಟೇ ಅವನಿಗೆ ಬೇಕಾಗಿದ್ದು: ಹೌದು, ನೀನಲ್ಲ, ಅವನು, ಎಂದು ಇನ್ನೊಂದು ಬಾಯಿಂದ ಕೇಳುವುದು.

"ಕೂತ್ಕೊಳ್ಳಿ ಅದೆಲ್ಮೊ. ಕಾಫಿ ಇಡ್ಲಾ? ಮುಖ ಯಾಕೆ ಹಾಗಿದೆ, ಸಕ್ಕರೆ ಜಾಸ್ತಿಯಾಯ್ತಾ ಮತ್ತೆ?"

"ಕಾಫಿ ಬೇಡ. ನೋಡಿ ಯೋಲೆ, ಈ ಪುಟ ನಿಮಗೆ ತೋರಿಸ್ಬೇಕಿತ್ತು. ಸಹಿ ಹಾಕ್ಬೇಕಂತೆ. ನಿಮ್ಮನ್ನ ಕೇಳ್ದೆ ಹೇಗೆ ಹಾಕ್ಲಿ?"

ಅವಳು ಬೆರಳು ಒರೆಸಿಕೊಂಡು, ಕನ್ನಡಕ ಏರಿಸಿ, ತುಟಿಯಾಡಿಸುತ್ತ ಪೂರ್ತಿ ಓದಿದಳು. "ಚೆನ್ನಾಗಿ ಬರೆದಿದ್ದಾರೆ. ನಮ್ಮ ಎಲ್ವ್ಯೊನ ಬಗ್ಗೆಯೂ ಮರ್ಯಾದೆಯಾಗಿ ಬರೆದಿದ್ದಾರೆ ಪಾಪ. ನನ್ನನ್ನ ಯಾಕೆ ಕೇಳ್ಬೇಕು ನೀವು?"

ಅದೆಲ್ಮೊನಿಗೆ ಮಾತು ಹೊಂದಿಸಿಕೊಳ್ಳುವಷ್ಟು ತಾಳ್ಮೆ ಉಳಿದಿರಲಿಲ್ಲ. "ಆ ಗೋಲು ನಾನು ಹೊಡೆದಿದ್ದಲ್ಲ. ನೆರೆಯೊ ಹೊಡೆದಿದ್ದು. ನನ್ನ ಕಾರ್ಡಲ್ಲಿ ಅವನು ಆಡಿದ್ದ. ನಿಮಗೆ ಗೊತ್ತಲ್ಲ."

ಬಟಾಣಿ ಸಿಪ್ಪೆಯೊಂದು ಅವಳ ಕೈಯಲ್ಲಿ ಅರ್ಧ ಬಿಚ್ಚಿಕೊಂಡೇ ನಿಂತಿತು. ಅವಳು ಅವನನ್ನು ನೋಡಿದ ರೀತಿಗೆ ಅವನು ಸಿದ್ಧನಾಗಿರಲಿಲ್ಲ. ಅದರಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. "ನೀವು ಒಳ್ಳೆಯವರು ಅದೆಲ್ಮೊ," ಎಂದಳು ಮೆಲ್ಲಗೆ. "ಅವನು ಹೋದ ಅಂತ, ನನಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದ್ದೀರ. ಬೇಡ. ನಮ್ಮ ಮನೆಗೆ ನಿಮ್ಮ ಗೋಲು ಬೇಡ."

"ಅಯ್ಯೋ, ಅದಲ್ಲ. ನಿಜವಾಗ್ಲೂ ಅವನೇ."

"ಐವತ್ತೆರಡು ವರ್ಷ ಸಂಸಾರ ಮಾಡಿದ್ದೀನಿ," ಅವಳ ದನಿ ಈಗ ಗಟ್ಟಿಯಾಯಿತು. "ಆ ಪಂದ್ಯ ಆಡ್ಲಿಲ್ಲ ಅಂತ ಅವನು ಕೊರಗಿದ್ದನ್ನ ನಾನು ಕಂಡಿದ್ದೀನಿ. ಪ್ರತಿ ಕ್ರಿಸ್ಮಸ್ಸಿಗೆ ಎಲ್ವ್ಯೊ ನಮ್ಮ ಜೊತೆ ಊಟಕ್ಕೆ ಕೂತ್ಕೋತಾನೆ. ಆ ಸೋಲಾಗಿ ಎರಡೇ ವರ್ಷಕ್ಕೆ ನಮ್ಮೂರ ಕ್ಲಬ್ಬೇ ಮುಚ್ಚಿಹೋಯ್ತು, ಗೊತ್ತಲ್ಲ. ಚೆಂಡು ಗುದ್ದಬಾರ್ದಿತ್ತು, ಹಿಡೀಬೇಕಿತ್ತು ಅಂತ ಪ್ರತಿ ವರ್ಷ ಅಳ್ತಾನೆ ಅವನು, ಎಂಬತ್ತು ತುಂಬಿದೆ, ಈಗ್ಲೂ ಅಳ್ತಾನೆ. ನೆರೆಯೊ ಅವನ ಗ್ಲಾಸಿಗೆ ಹಾಕಿ, ಬಿಡು ಭಾವ, ಬರ್ತಾಝೋನಿಯ ಎಡಗಾಲನ್ನ ಯಾರು ತಡೀತಿದ್ರು ಅಂತ ಬೆನ್ನು ಸವರ್ತಿದ್ದ. ನೀವು ಹೇಳೋದು ನಿಜ ಆದ್ರೆ ನನ್ನ ಅಣ್ಣನ್ನ ಮೋಸದಲ್ಲಿ ಸೋಲಿಸಿದವನು ನನ್ನ ಗಂಡ. ಸೋಲಿಸಿ, ಅವನ ಎದುರಿಗೇ ಕೂತು ಐವತ್ತು ಸಲ ಹಬ್ಬದೂಟ ಮಾಡಿದ. ಹಾಗಂತ ಹೇಳೋಕೆ ಬಂದ್ರಾ?"

ಹೌದು ಎನ್ನಬೇಕಿತ್ತು. ಅವನ ತಲೆಯೊಳಗೆ ಹೌದು ಎಂಬ ಮಾತು ಸಿದ್ಧವಾಗಿಯೂ ಇತ್ತು. ಆದರೆ ನೆರೆಯೊ ಮನೆಯೊಳಗೂ ಆಣೆಯನ್ನು ಮುರಿದಿರಲಿಲ್ಲ ಎಂಬುದನ್ನು ಜೀರ್ಣಿಸಿಕೊಳ್ಳಲು ಅವನಿಗೆ ಹೊತ್ತು ಬೇಕಿತ್ತು. ಇಲ್ಲ, ಇವಳಿಗೆ ಗೊತ್ತಿದೆ, ಈ ಊರಿನ ನೀರನ್ನು ಅರ್ಧ ಶತಮಾನ ಕುಡಿದವಳಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದು ಒಮ್ಮೆ ಅನ್ನಿಸುತ್ತಿತ್ತು. ಮರುಕ್ಷಣ ಅವಳ ಕನ್ನಡಕದ ಹಿಂದಿನ ಕಣ್ಣು ನೋಡಿದರೆ ಇಲ್ಲ, ಪಾಪ, ಇವಳಿಗೆ ಏನೇನೂ ಗೊತ್ತಿಲ್ಲ ಅನ್ನಿಸುತ್ತಿತ್ತು.

"ಸರಿ, ಯಾವ ಕಾಲಲ್ಲಿ ಹೊಡೆದ?" ಎಂದು ಯೋಲೆ ಥಟ್ಟನೆ ಕೇಳಿದಳು. "ಎಲ್ಲಾ ನೋಡಿದೋರ ಹಾಗೆ ಹೇಳ್ತಿದ್ದೀರಲ್ಲ. ಯಾವ ಕಾಲು?"

"ಎಡಗಾಲು," ಎಂದ ಅದೆಲ್ಮೊ. ಬಾಯಿಂದ ಹೊರಬಿದ್ದ ಮೇಲೆಯೇ ತಾನು ಏನಂದೆ ಎಂದು ಅವನಿಗೆ ತಿಳಿದದ್ದು.

ಅವಳ ಹೆಗಲು ಸಡಿಲವಾಯಿತು. ನಗುವಂಥದ್ದೇನೋ ತುಟಿಗೆ ಬಂತು. "ನೆರೆಯೊನ ಎಡಗಾಲು ಕ್ಲಚ್ ಒತ್ತೋಕೆ ಮಾತ್ರ ಇತ್ತು ಅಂತ ಅವನೇ ಹೇಳ್ತಿದ್ದ. ಎಡಗಾಲಿನ ಆಟಗಾರ ನೀವು." ಅವಳು ಮತ್ತೆ ಬಟಾಣಿಗೆ ಕೈ ಹಾಕಿದಳು. ಕಾಳುಗಳು ಬಟ್ಟಲಿಗೆ ಟಪಟಪ ಬಿದ್ದವು. ಅದೆಲ್ಮೊ ತನ್ನ ಬೂಟನ್ನೇ ನೋಡುತ್ತ ಕೂತ. ಹಾಗಾದರೆ ನೆರೆಯೊ ಹೊಡೆದದ್ದು ಬಲಗಾಲಿನಲ್ಲಿ. ಬಲಗಾಲಿನಲ್ಲೇ ಇರಬೇಕು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ನೆರೆಯೊ ಎಲ್ಲ ಹೇಳಿದ್ದ, ಗೋಲಿಯ ಮುಷ್ಟಿ, ಚೆಂಡಿನ ತಿರುವು. ಕಾಲಿನ ಮಾತು ಬಂದಿತ್ತೇ? ಕತ್ತಲೆ ಕೋಣೆಯಲ್ಲಿದ್ದ ತನಗೆ ಯಾವ ಕಾಲೂ ಕಂಡಿರಲಿಲ್ಲ. ಕಾಣದ ಗೋಲಿಗೆ ತನ್ನ ಕಾಲನ್ನು ತಾನೇ ಜೋಡಿಸಿಕೊಂಡಿದ್ದ, ಈಗ ಅದು ತನ್ನ ವಿರುದ್ಧವೇ ಸಾಕ್ಷಿ ಹೇಳಿತು. ಅಥವಾ ತಾನೇ ಆಡಿದ್ದೆನೋ? ನಲವತ್ತು ಜನ ಕಣ್ಣು ಹೊಡೆದದ್ದು ಬೇರೆ ಯಾವುದಕ್ಕೋ ಇದ್ದೀತು. ಇಲ್ಲ, ಹಾಗೆಂದುಕೊಂಡರೆ ಹುಚ್ಚು ಹಿಡಿಯುತ್ತದೆ.

"ಅವನು ಆ ದಿನ ಸುಣ್ಣದ ಕೋಣೇಲಿ ಬಚ್ಚಿಟ್ಕೊಂಡಿದ್ದ, ಗೊತ್ತಾ ನಿಮಗೆ?" ಯೋಲೆ ಈಗ ಹಗುರವಾಗಿ, ಪ್ರೀತಿಯಿಂದ ಮಾತಾಡುತ್ತಿದ್ದಳು. "ಸಸ್ಪೆಂಡ್ ಆದವನು ಆಟಗಾರರ ಹತ್ತಿರ ಸುಳಿಯೋ ಹಾಗಿಲ್ವಂತೆ. ಆದ್ರೂ ಬಿಟ್ಟಿರೋಕಾಗ್ದೆ ಬಸ್ಸಲ್ಲಿ ಹೋಗಿ, ಅಲ್ಲಿ ಕೂತಿದ್ನಂತೆ. ಗೋಡೆ ಮೇಲೆ ತುಕ್ಕು ಹಿಡಿದ ಸೈಕಲ್ ಚಕ್ರ, ಅಂಗೈಯಗಲದ ಕಿಟಕಿ. ಎಷ್ಟು ಸಲ ಹೇಳಿದ್ದಾನೆ ಅಂತೀರಿ. ಹೊರಗೆ ಹೋ ಅಂತ ಕೂಗು ಎದ್ದಾಗ ಯಾರ ಗೋಲು ಅಂತ ಗೊತ್ತಾಗ್ಲಿಲ್ವಂತೆ. ಆಮೇಲೆ ಬರ್ತಾಝೋನಿ, ಬರ್ತಾಝೋನಿ ಅಂತ ಕೂಗಿದ್ರಂತೆ. ಅವನಿಗೆ ಎಷ್ಟು ಖುಷಿ ಆಯ್ತು ಅಂದ್ರೆ, ಆ ಸುಣ್ಣದ ಚೀಲಗಳ ಮೇಲೆ ಹತ್ತಿ ಕುಣಿದುಬಿಟ್ನಂತೆ. ಒಂಟಿಯಾಗಿ. ಮೈಯೆಲ್ಲ ಬೆಳ್ಳಗಾಗಿ, ಕಣ್ಣಿಗೆ ಸುಣ್ಣ ಹೋಗಿ, ಅಳುತ್ತಾ ನಗುತ್ತಾ ಕುಣಿದ್ನಂತೆ. ನಿಮಗೋಸ್ಕರ ಅದೆಲ್ಮೊ. ಅಂಥಾ ಮನುಷ್ಯ ಅವನು."

ಸೈಕಲ್ ಚಕ್ರ ಇತ್ತು. ಕಿಟಕಿ ಇತ್ತು. ಬಸ್ಸಿನಲ್ಲಿ ನೆರೆಯೊ, ಒಳಗೆ ಹೇಗಿತ್ತೋ, ಒಂದೂ ಬಿಡದೆ ಹೇಳು ಎಂದು ಕಾಡಿ ಕೇಳಿದ್ದಾಗ ಅದೆಲ್ಮೊ ಎರಡನ್ನೂ ಹೇಳಿದ್ದ. ಹೇಳದೆ ಉಳಿಸಿಕೊಂಡದ್ದು ಒಂದಿತ್ತು, ಅಮ್ಮನಿಗೆ ಹೇಳದ್ದು, ಪಾದ್ರಿಗೆ ಪಾಪನಿವೇದನೆಯಲ್ಲೂ ಹೇಳದ್ದು. ಕೂಗು ಎದ್ದು, ತನ್ನ ಹೆಸರು ಹಲಗೆಗಳ ಸಂದಿನಿಂದ ಒಳಗೆ ನುಗ್ಗಿದಾಗ ಅವನು ಎರಡು ಕಿವಿಗಳನ್ನೂ ಬಿಗಿಯಾಗಿ ಮುಚ್ಚಿಕೊಂಡಿದ್ದ. ದೇವರೇ, ಸಿಕ್ಕಿಬೀಳಲಿ, ಅವನ ಕಾಲು ಮುರಿಯಲಿ, ಎಲ್ಲರೂ ಹಾಳಾಗಿಹೋಗಲಿ ಎಂದು, ಇಪ್ಪತ್ತೆರಡು ವರ್ಷದ ಗಂಡಸು, ಹಲ್ಲು ಕಚ್ಚಿ ಬೇಡಿಕೊಂಡಿದ್ದ. ಐವತ್ತೈದು ವರ್ಷ ಅವನನ್ನು ಸುಟ್ಟದ್ದು ಕದ್ದ ಗೋಲಲ್ಲ, ಅದು. ನೆರೆಯೊ ತನ್ನ ಕತೆಯಲ್ಲಿ ಆ ಕೋಣೆಗೆ ಹೋಗಿ, ಅಲ್ಲಿ ಕೂತಿದ್ದವನನ್ನು ಎಬ್ಬಿಸಿ, ಕುಣಿಸಿ, ಆ ಮನುಷ್ಯನನ್ನೇ ಹೆಂಡತಿಗೆ ಪ್ರೀತಿಸಲು ಕೊಟ್ಟಿದ್ದ.

"ಅವನು ಕುಣೀಲಿಲ್ಲ," ಎಂದ ಅದೆಲ್ಮೊ. "ಆ ಕೋಣೇಲಿದ್ದವನು ಕುಣೀಲಿಲ್ಲ ಯೋಲೆ. ಅವನು ಬಹಳ ಕೆಟ್ಟದ್ದು ಬಯಸಿದ."

ಯೋಲೆ ತಲೆಯೆತ್ತಿದಳು. ಅವನ ಕಣ್ಣಲ್ಲಿ ನೀರಾಡಿದ್ದು ಕಂಡು ಅವಳ ಮುಖ ಮೆತ್ತಗಾಯಿತು. ಮೇಜಿನಾಚೆಯಿಂದ ಕೈ ಚಾಚಿ, ಬಟಾಣಿಯ ವಾಸನೆಯ ಹಸಿರು ಬೆರಳುಗಳಿಂದ ಅವನ ಮುಂಗೈ ಹಿಡಿದುಕೊಂಡಳು.

"ನಿಮಗೆ ಹೇಗೆ ಗೊತ್ತಾಗುತ್ತೆ ಅದೆಲ್ಮೊ?" ಎಂದಳು. "ನೀವು ಮೈದಾನದಲ್ಲಿದ್ರಲ್ಲ."

ಅವಳು ಕೈ ಬಿಡಲಿಲ್ಲ. ಅದೆಲ್ಮೊ ಇನ್ನೊಂದು ಕೈಯಿಂದ ಕಾಗದ ಬಿಡಿಸಿ, ಬಟಾಣಿ ಸಿಪ್ಪೆಗಳನ್ನು ಪಕ್ಕಕ್ಕೆ ಸರಿಸಿ, ಎಲ್ಲಾ ಸರಿಯಾಗಿದೆ ಎಂದು ಬರೆದು ಕೆಳಗೆ ಸಹಿ ಹಾಕಿದ. ಹೆಸರು ಆರಾಮವಾಗಿ ಮೂಡಿತು, ಅದಕ್ಕೇ ಅವನಿಗೆ ಭಯವಾಯಿತು.